ತೇಪೆ ಹಾಕಲು ಮೂರು ತಾಸು ಜಾಗ ಕೊಡಿ: ಪೌರಾಡಳಿತ ಸಚಿವರಿಗೆ ನಿವೃತ್ತ ಹೊಲಿಗೆ ಶಿಕ್ಷಕಿಯ ಬಹಿರಂಗ ಪತ್ರ

ಮಾನ್ಯ ಪೌರಾಡಳಿತ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ 29 ವರ್ಷ ಹೊಲಿಗೆ ಕಲಿಸಿ ನಿವೃತ್ತಳಾದವಳು. ಉತ್ತರ ಕರ್ನಾಟಕದ ಒಂದು ನಗರದಲ್ಲಿ ಇದ್ದೇನೆ. ಊರಿನ ಹೆಸರನ್ನೂ ನಾನು ಅಲೆದ ಕಚೇರಿಯ ಹೆಸರನ್ನೂ ಬೇಕೆಂದೇ ಬರೆದಿಲ್ಲ. ಬರೆದರೆ ಯಾರೋ ಒಬ್ಬ ಗುಮಾಸ್ತರಿಗೆ ನೋಟಿಸು ಹೋಗುತ್ತದೆ, ಬಾಗಿಲಿನ ಬೀಗ ಮಾತ್ರ ಅಲ್ಲೇ ನೇತಾಡುತ್ತಿರುತ್ತದೆ. ಯಾರಿಗೂ ಶಿಕ್ಷೆ ಆಗಲಿ ಎಂದು ನಾನು ಕೇಳುತ್ತಿಲ್ಲ. ಬೀಗ ತೆಗೆಸಿ ಎಂದು ಕೇಳುತ್ತಿದ್ದೇನೆ.

ವಿಷಯ ಸಣ್ಣದು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಮ್ಮ ವಾರ್ಡಿನ ಸಮುದಾಯ ಭವನದಲ್ಲಿ ಹದಿನೈದಿಪ್ಪತ್ತು ಜನ ಸೇರಿ ಹರಿದ ಬಟ್ಟೆ ಹೊಲಿದುಕೊಳ್ಳುತ್ತಿದ್ದೆವು. ದೊಡ್ಡ ಹೆಸರೇನೂ ಇಟ್ಟಿರಲಿಲ್ಲ. ಓಣಿಯ ಹುಡುಗರು ‘ತೇಪೆ ಸಂತೆ’ ಅಂದರು, ಅದೇ ನಿಂತಿತು. ಎರಡು ಪೆಡಲ್ ಮಷೀನು, ನನ್ನದೊಂದು ಕೈಮಷೀನು, ಒಂದು ಇಸ್ತ್ರಿ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬಿ ತುಂಬ ಬಿಡಿ ಗುಂಡಿಗಳು. ನಿಯಮ ಒಂದೇ ಇತ್ತು: ಬಟ್ಟೆ ಕೊಟ್ಟು ಹೋಗುವಂತಿಲ್ಲ. ತಂದವರು ಪಕ್ಕದಲ್ಲಿ ಕೂತು ತಮಗೆ ಬರುವಷ್ಟನ್ನು ತಾವೇ ಮಾಡಬೇಕು. ಏನೂ ಬಾರದಿದ್ದರೆ ಸೂಜಿಗೆ ದಾರವನ್ನಾದರೂ ಪೋಣಿಸಬೇಕು.

ಬಸ್ ಕಂಡಕ್ಟರೊಬ್ಬರು ಖಾಕಿ ಪ್ಯಾಂಟು ತಂದಿದ್ದರು. ಬಟ್ಟೆ ಗಟ್ಟಿಯಾಗಿಯೇ ಇತ್ತು, ಚಿಲ್ಲರೆಯ ಭಾರಕ್ಕೆ ಜೇಬಿನ ತಳ ಮಾತ್ರ ಕಿತ್ತಿತ್ತು. ಹಳೇ ಕೊಡೆಯ ಬಟ್ಟೆ ಕೊಟ್ಟು ಹೊಸ ಜೇಬು ಕೂರಿಸಿದೆವು. ಎಂಟನೇ ಇಯತ್ತೆಯ ಹುಡುಗನೊಬ್ಬ ಸಮವಸ್ತ್ರದ ಪ್ಯಾಂಟಿನ ಮೊಣಕಾಲು ಹಿಡಿದುಕೊಂಡೇ ಬಂದ. ವಿದ್ಯಾವಿಕಾಸ ಯೋಜನೆಯಲ್ಲಿ ಬಂದ ಬಟ್ಟೆ, ಮುಂದಿನದು ಬರುವ ತನಕ ಇದರಲ್ಲೇ ದಿನ ತಳ್ಳಬೇಕು. ಒಳಗಿನಿಂದ ತೇಪೆ ಕೊಟ್ಟು, ಅದೇ ಬಣ್ಣದ ದಾರದಲ್ಲಿ ಒತ್ತೊತ್ತಾಗಿ ಮಷೀನು ಓಡಿಸಿದರೆ ನಾಲ್ಕು ಅಡಿ ದೂರದಿಂದ ಕಾಣುವುದಿಲ್ಲ. ಅವನಿಗೆ ಬೇಕಾಗಿದ್ದೂ ಅಷ್ಟೇ ದೂರ. ಒಬ್ಬ ಹಿರಿಯರು ತೀರಿಕೊಂಡ ಹೆಂಡತಿಯ ಇಳಕಲ್ಲ ಸೀರೆ ತಂದು, ಮೊಮ್ಮಗಳಿಗೆ ಕುಂಚಿಗೆ ಹೊಲಿಯಬೇಕು, ಕತ್ತರಿ ನಾನೇ ಹಿಡಿಯುತ್ತೇನೆ ಎಂದರು. ಹಿಡಿದರು, ಆದರೆ ಕತ್ತರಿಸಲು ಅರ್ಧ ತಾಸು ತೆಗೆದುಕೊಂಡರು. ಯಾರೂ ಅವಸರ ಮಾಡಲಿಲ್ಲ.

ನನ್ನ ನೋಟುಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದೇನೆ, ಮೇಷ್ಟ್ರಗಿರಿಯ ಚಟ. ದಸರೆಗೆ ಮುಂಚಿನ ಒಂದು ಭಾನುವಾರ 41 ಬಟ್ಟೆ ಬಂದಿದ್ದವು. 17 ಜಿಪ್ಪು, 9 ಗುಂಡಿ ಮತ್ತು ಕಾಜಾ, 6 ಮೊಣಕಾಲಿನ ತೇಪೆ, ಉಳಿದದ್ದು ಬಹುತೇಕ ಬಿಚ್ಚಿಕೊಂಡ ಹೊಲಿಗೆ. ನಮ್ಮಿಂದ ಆಗದು ಎಂದು ವಾಪಸ್ ಕೊಟ್ಟದ್ದು ಮೂರು ಮಾತ್ರ.

ಕಳೆದ ವರ್ಷ ಭವನದ ಉಸ್ತುವಾರಿ ಬದಲಾಯಿತು. ಮೊದಲು ಹೇಳಿದ್ದು, ಇದು ಖಾಸಗಿ ಕಾರ್ಯಕ್ರಮ, ಬಾಡಿಗೆ ಮತ್ತು ಠೇವಣಿ ಕಟ್ಟಿ ಎಂದು. ನಾವು ಯಾರಿಂದಲೂ ಒಂದು ರೂಪಾಯಿ ತೆಗೆದುಕೊಳ್ಳುವವರಲ್ಲ, ಚಹಾದ ಖರ್ಚು ಕೂಡ ಸರದಿಯ ಮೇಲೆ ನಡೆಯುತ್ತದೆ ಎಂದು ಬರೆದುಕೊಟ್ಟೆ. ಹಾಗಾದರೆ ನೋಂದಾಯಿತ ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆಯಿರಿ ಎಂದರು. ಸಂಘ ಇಲ್ಲ, ಓಣಿಯ ಜನ ಎಂದೆ. ಮುಂದಿನ ವಾರ ಇನ್ನೊಂದು ವಿಭಾಗದಿಂದ ಪ್ರಶ್ನೆ ಬಂತು: ಹೊಲಿಗೆ ಎಂದರೆ ವ್ಯಾಪಾರ, ಟ್ರೇಡ್ ಲೈಸೆನ್ಸ್ ಎಲ್ಲಿ? ಅದಾದ ಮೇಲೆ ಮಷೀನುಗಳಿಂದ ವಿದ್ಯುತ್ ಲೋಡು ಹೆಚ್ಚಾಗುತ್ತದೆ ಎಂಬ ಆಕ್ಷೇಪ. ಪೆಡಲ್ ಮಷೀನು ಕಾಲಿನಿಂದ ತುಳಿಯುವುದು, ಅದಕ್ಕೆ ಕರೆಂಟು ಬೇಡ ಎಂದು ತಿಳಿಸಿ ಹೇಳಲು ಬೇರೆ ಬೇರೆ ಮೇಜಿಗೆ ನಾಲ್ಕು ಸಲ ಹೋಗಿದ್ದೇನೆ. ಈಗ ಅರ್ಜಿ ‘ಪರಿಶೀಲನೆಯಲ್ಲಿದೆ’. ಅದೇ ಭವನದಲ್ಲಿ ಸೀಮಂತ, ನಾಮಕರಣ ನಡೆಯುತ್ತವೆ. ನಡೆಯಲಿ, ಜನರ ದುಡ್ಡಿನಲ್ಲಿ ಕಟ್ಟಿದ್ದು ಜನರಿಗೇ ಆಗಬೇಕು. ಆದರೆ ಎರಡನೇ ಭಾನುವಾರ ಬೆಳಿಗ್ಗೆ ಅದು ಖಾಲಿ ಬಿದ್ದಿರುವುದನ್ನು ಕಿಟಕಿಯಿಂದ ಇಣುಕಿ ನೋಡಿ ಬಂದವಳು ನಾನು.

ಇಷ್ಟಕ್ಕೇ ತಮಗೆ ಪತ್ರ ಬರೆಯುತ್ತಿರಲಿಲ್ಲ. ಬರೆಯುವಂತೆ ಮಾಡಿದ್ದು ಉದ್ಯಾನದ ಪಕ್ಕದ ಕಬ್ಬಿಣದ ಕೋಣೆ.

2023ರ ಮೇ ತಿಂಗಳಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ದೇಶದ ನಗರಗಳಲ್ಲೆಲ್ಲ ಆರ್‌ಆರ್‌ಆರ್ ಕೇಂದ್ರಗಳನ್ನು ತೆರೆಯಲು ಹೇಳಿತು. ರಿಡ್ಯೂಸ್, ರೀಯೂಸ್, ರೀಸೈಕಲ್. ಹಳೇ ಬಟ್ಟೆ, ಚಪ್ಪಲಿ, ಪುಸ್ತಕ, ಆಟಿಕೆ ತಂದು ಕೊಡಿ, ಬೇಕಾದವರು ಒಯ್ಯಲಿ ಎಂಬ ಒಳ್ಳೆಯ ವಿಚಾರ. ನಮ್ಮಲ್ಲೂ ಒಂದು ಕಬ್ಬಿಣದ ಕೋಣೆಗೆ ಹಸಿರು ಬಣ್ಣ ಬಳಿದು ಇಟ್ಟರು. ನಾನೇ ಮೊದಲ ವಾರ ಎರಡು ಗಂಟು ಕೊಟ್ಟು ಬಂದೆ. ಮೊದಮೊದಲು ಮಡಿಚಿದ ಬಟ್ಟೆ ರ‍್ಯಾಕಿನ ಮೇಲೆ ಇರುತ್ತಿತ್ತು, ಕಟ್ಟಡ ಕೆಲಸದ ಹೆಣ್ಣುಮಕ್ಕಳು ಬಂದು ಆರಿಸಿಕೊಳ್ಳುತ್ತಿದ್ದರು. ಆಮೇಲೆ ನೋಡಿಕೊಳ್ಳುವವರು ಹೋದರು. ಕೋಣೆ ತುಂಬಿತು, ಬೀಗ ಬಿತ್ತು. ಜನ ಗಂಟುಗಳನ್ನು ಹೊರಗೇ ಎಸೆದು ಹೋದರು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಒಂದು ನಾಯಿ ಅಲ್ಲಿ ಮರಿ ಹಾಕಿತ್ತು. ಕೆಳಗೆ ಹಾಸಿದ್ದು ಒಂದು ಒಳ್ಳೆಯ ಕಾಟನ್ ಸೀರೆ, ಅಂಚು ಕೂಡ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಕಸದ ಗಾಡಿ ಬಂದು ಆ ಇಡೀ ರಾಶಿಯನ್ನು ಹಸಿ ಕಸದ ಮೇಲೆ ಸುರಿದುಕೊಂಡು ಹೋಯಿತು. ಕಣ್ಣಾರೆ ನೋಡಿದ್ದನ್ನೇ ಬರೆಯುತ್ತಿದ್ದೇನೆ.

ನಮ್ಮ ಸಂತೆಗೆ ಬರುತ್ತಿದ್ದ ಒಬ್ಬ ಪೌರಕಾರ್ಮಿಕ ಹೆಣ್ಣುಮಗಳನ್ನು ಕೇಳಿದೆ, ಇದೆಲ್ಲ ಎಲ್ಲಿಗೆ ಹೋಗುತ್ತದವ್ವಾ ಎಂದು. ಮಿರುಗುವ ಪಟ್ಟಿಯ ತನ್ನ ಜಾಕೆಟ್ಟಿನ ಜಿಪ್ಪು ಹಾಕಿಸಲು ಬಂದಾಗ ಪರಿಚಯವಾದವಳು. ನಕ್ಕಳು. “ಅಕ್ಕೋರ, ಗುಡ್ಡಕ್ಕ ಹೋಗ್ತಾವ್ರಿ. ಹಸಿ ಅರಿವಿ ಹೊರಳಾಡೋ ಮಷೀನಿಗೆ ಸುತ್ತಿಕೊಂಡ್ರ ಅದನ್ನ ಬಿಡಸೋದ್ರಾಗ ಅರ್ಧ ದಿನಾ ಹೊಕ್ಕೈತಿ. ಪ್ಲಾಸ್ಟಿಕ್ ಆದ್ರ ಮಾರಾಕರ ಬರತೈತಿ, ಅರಿವಿ ಯಾರೂ ಮೂಸಿ ಸುದ್ದಾ ನೋಡಂಗಿಲ್ಲ” ಅಂದಳು. ಗುಡ್ಡ ಎಂದರೆ ಊರಾಚೆಯ ಕಸದ ರಾಶಿ. ಕಸ ಬೇರ್ಪಡಿಸುವ ಘಟಕದ ಉರುಳೆಗೆ ಒದ್ದೆ ಸೀರೆ ಸುತ್ತಿಕೊಂಡರೆ ಏನಾಗುತ್ತದೆ ಎಂದು ತಮ್ಮ ಎಂಜಿನಿಯರುಗಳನ್ನು ಕೇಳಿ ನೋಡಿ, ಇವಳ ಮಾತಿಗಿಂತ ಬೇರೆ ಹೇಳಲಾರರು.

ಹಾಗಾಗಿ ಆ ಮೂರು ಆರ್‌ಗಳನ್ನು ನೋಡಿದಾಗಲೆಲ್ಲ ನನಗೆ ಕಾಡುವುದು ಇದು: ಅಲ್ಲಿ ರಿಪೇರಿ ಇಲ್ಲ. ಕನ್ನಡದ ಮನೆಮನೆಯಲ್ಲೂ ಬಳಕೆಯಲ್ಲಿರುವ ಮಾತು ಅದೊಂದೇ, ಅದನ್ನೇ ಬಿಟ್ಟಿದ್ದಾರೆ. ಜನ ಕೊಡುವ ಬಟ್ಟೆ ಒಂದು ಗುಂಡಿ, ಒಂದು ಜಿಪ್ಪು, ಒಂದು ಗೇಣು ಹೊಲಿಗೆ ಇಲ್ಲದ್ದಕ್ಕೇ ಮನೆಯಿಂದ ಹೊರಬಿದ್ದದ್ದು. ಜಿಪ್ಪಿಲ್ಲದ ಪ್ಯಾಂಟನ್ನು ಬಡವರಾದರೂ ಯಾಕೆ ಹಾಕಿಕೊಳ್ಳಬೇಕು? ಅವರೂ ಬಿಟ್ಟು ಹೋಗುತ್ತಾರೆ, ಬಿಡಬೇಕಾದದ್ದೇ. ನಡುವೆ ಹೊಲಿಯುವ ಕೈ ಇಲ್ಲದಿದ್ದರೆ ಆ ಕೋಣೆ, ಕಸದ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಕಟ್ಟಿದ ಒಂದು ತಂಗುದಾಣ.

ಟೇಲರುಗಳು ಇದ್ದಾರಲ್ಲ ಎಂದು ತಾವು ಕೇಳಬಹುದು. ಇದ್ದಾರೆ, ಅವರಲ್ಲಿ ಅನೇಕರು ನನ್ನ ವಿದ್ಯಾರ್ಥಿಗಳೇ. ಹಳೇ ಜಿಪ್ಪು ಬಿಚ್ಚಿ, ದಾರದ ಚೂರುಗಳನ್ನು ಕಿತ್ತು, ಹೊಸದು ಕೂರಿಸಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಒಂದು ಬ್ಲೌಸಿನ ಕಟಿಂಗ್ ಮುಗಿಯುತ್ತದೆ, ಬ್ಲೌಸಿಗೆ ಸಿಗುವ ಮಜೂರಿ ಎಲ್ಲಿ, ಜಿಪ್ಪಿನ ಅರವತ್ತು-ಎಂಬತ್ತು ರೂಪಾಯಿ ಎಲ್ಲಿ? ಅವರು “ಹಬ್ಬ ಮುಗೀಲಿ ಟೀಚರ್” ಅನ್ನುವುದರಲ್ಲಿ ತಪ್ಪಿಲ್ಲ. ಗಿರಾಕಿಯ ಲೆಕ್ಕವೂ ತಪ್ಪಲ್ಲ. ವಾರದ ಸಂತೆಯಲ್ಲಿ ನೂರೈವತ್ತಕ್ಕೆ ಹೊಸ ಟೀ ಶರ್ಟು ಸಿಗುವಾಗ ಹಳೆಯದರ ರಿಪೇರಿಗೆ ಎಂಬತ್ತು ಯಾರು ಕೊಡುತ್ತಾರೆ? ಇಬ್ಬರ ಲೆಕ್ಕವೂ ಸರಿ, ಮೂರನೆಯವರಾಗಿ ನಿಮ್ಮ ಕಸದ ಗಾಡಿ ಅದರ ಖರ್ಚು ಹೊರುತ್ತಿದೆ. ದೇಶದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಸೇರುತ್ತದೆ, ಅದರಲ್ಲಿ ಅರ್ಧದಷ್ಟು ಮನೆಗಳಲ್ಲಿ ಬಳಸಿ ಬಿಟ್ಟದ್ದು ಎಂದು ಫ್ಯಾಷನ್ ಫಾರ್ ಗುಡ್ ಸಂಸ್ಥೆಯ 2022ರ ಅಧ್ಯಯನ ಹೇಳಿತ್ತು. ಆ ಅಂಕಿ ನನ್ನ ತಲೆಗೆ ಹಿಡಿಯುವುದಿಲ್ಲ. ಒದ್ದೆ ಸೀರೆಯ ಮೇಲಿನ ನಾಯಿಮರಿಗಳು ಹಿಡಿಯುತ್ತವೆ.

ನಮ್ಮ ಕಡೆಗೆ ಈ ಕೆಲಸ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಸೂಜಿಯೇ ಅವರ ಹೆಸರಿನ ಮುಂದೆ ನಿಂತಿದೆ. ಕೌದಿಯ ವಿಷಯ ತಮಗೆ ಹೇಳಬೇಕಾಗಿಲ್ಲ. ಧಾರವಾಡ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಹಳೇ ಸೀರೆ, ಧೋತರ ಪದರು ಪದರಾಗಿ ಹಾಸಿ, ನಾಲ್ಕು ಹೆಣ್ಣುಮಕ್ಕಳು ನಾಲ್ಕು ದಿಕ್ಕಿನಿಂದ ಕೂತು ಹೊಲಿಯುತ್ತಿದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯ ರೀತಿಯೇ ಬೇರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಹೂವು ಇಡದಿದ್ದರೆ ಕೌದಿ ಬರಿಮೈಯಲ್ಲಿದೆ ಅನ್ನುತ್ತಾರೆ. ನಮ್ಮ ಅಜ್ಜಿ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಹೋಳಿಗೆಯ ಚೂರೊಂದನ್ನು ಇಟ್ಟು ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದು. ಇರುವೆ ಬರುತ್ತದಲ್ಲ ಅಜ್ಜಿ ಎಂದರೆ, ಬಂದರೆ ಅವಕ್ಕೂ ಹೊಟ್ಟೆ ಐತಿ ಅನ್ನುತ್ತಿದ್ದಳು.

ಆ ಕೌದಿಯನ್ನೇ ಮತ್ತೆ ತರುತ್ತೇವೆ ಎಂದು ನಾನು ಹೇಳುತ್ತಿಲ್ಲ. ಈಗ ಮನೆಯಿಂದ ಬರುವುದು ಬಹುಪಾಲು ಪಾಲಿಯೆಸ್ಟರ್ ಸೀರೆ. ಅದು ಜಾರುತ್ತದೆ, ಪದರು ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಬೆವರು ಹೀರುವುದಿಲ್ಲ. ಎರಡು ಕೌದಿ ಮಾಡಿ ನೋಡಿ ಕೈಬಿಟ್ಟೆವು. ಹಳತರಿಂದ ಹೊಸತು ಮಾಡುವ ಈ ಉಮೇದಿನಲ್ಲಿ ನಮ್ಮದೂ ತಪ್ಪುಗಳಿವೆ, ಒಪ್ಪಿಕೊಳ್ಳುತ್ತೇನೆ. ಒಂದು ಕಾಲದಲ್ಲಿ ಕಂಡದ್ದಕ್ಕೆಲ್ಲ ಚೀಲ ಹೊಲಿದೆವು. ಹೊಲಿದ ಚೀಲಗಳನ್ನು ತುಂಬಿಡಲು ಇನ್ನೊಂದು ಚೀಲ ಬೇಕಾಯಿತು. ಕೊನೆಗೆ ಉಳಿದದ್ದು ಜೀನ್ಸಿನ ಕಾಲಿನಿಂದ ಮಾಡಿದ್ದು ಮಾತ್ರ: ಒಂದು ಕಾಲಿಗೆ ಒಂದು ಚೀಲ, ಐದು ಕಿಲೋ ಜೋಳ ಹೊರುತ್ತದೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೂ ತರಕಾರಿ ಮಾರುಕಟ್ಟೆಯಲ್ಲಿ ಅವು ಹಾಗೇ ಓಡಾಡುತ್ತಿವೆ. ಜೀನ್ಸಿನ ಚೀಲ ಒಯ್ದ ನಾಲ್ಕಾರು ಮಂದಿಯಾದರೂ ಮತ್ತೆ ಪ್ಲಾಸ್ಟಿಕ್ ಕೇಳಿಲ್ಲ. ಇನ್ನು ಸನ್ಮಾನದ ಶಾಲುಗಳು! ನಿವೃತ್ತ ಪ್ರಾಂಶುಪಾಲರೊಬ್ಬರು ಒಂದು ಟ್ರಂಕು ಶಾಲು ತಂದಿಟ್ಟು, ಏನಾದರೂ ಮಾಡಿ ಎಂದರು. ಕತ್ತರಿ ಹಾಕಿದರೆ ಎಳೆ ಬಿಚ್ಚುತ್ತದೆ, ಹೊದ್ದರೆ ಚುಚ್ಚುತ್ತದೆ, ಒರೆಸಿದರೆ ನೀರು ಹೀರದು. ತಮ್ಮ ಸಭೆಗಳಲ್ಲಿ ಶಾಲಿನ ಬದಲು ಒಂದು ಟವೆಲ್ ಕೊಡಿಸುವ ಪದ್ಧತಿ ತಂದರೆ ಅದೂ ಒಂದು ಸುಧಾರಣೆಯೇ.

ಹೊರಗಿನ ಉದಾಹರಣೆ ಕೊಟ್ಟರೆ ಕಡತ ಬೇಗ ಸರಿಯುತ್ತದೆ ಎಂದು ನಮ್ಮ ಹಳೆಯ ಹೆಡ್‌ಮಾಸ್ಟರು ಹೇಳುತ್ತಿದ್ದರು, ಆದ್ದರಿಂದ ಕೊಡುತ್ತೇನೆ. 2009ರ ಅಕ್ಟೋಬರಿನಲ್ಲಿ ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ ಮೊದಲ ‘ರಿಪೇರ್ ಕೆಫೆ’ ನಡೆಸಿದರು. ಮಿಕ್ಸರು, ಸೈಕಲ್ಲು, ಬಟ್ಟೆ ಏನೇ ಆಗಲಿ, ಕೆಟ್ಟಿದ್ದನ್ನು ತಂದವರೂ ಬಲ್ಲವರೂ ಒಂದೇ ಮೇಜಿಗೆ ಕೂರುವುದು. ನಾವು ಅದನ್ನು ಕೇಳಿಯೂ ಇರಲಿಲ್ಲ, ಆದರೂ ನಮ್ಮ ನಿಯಮವೇ ಅವರದ್ದೂ ಎಂದು ತಿಳಿದಾಗ ಖುಷಿಯಾಯಿತು. ನಮ್ಮ ಬೆಂಗಳೂರಿನಲ್ಲೇ 2015ರಿಂದ ಇಂಥ ಕೂಟ ನಡೆದುಬಂದಿದೆ. ಫ್ರಾನ್ಸಿನಲ್ಲಿ 2023ರ ನವೆಂಬರಿನಿಂದ ಬಟ್ಟೆ, ಬೂಟು ರಿಪೇರಿ ಮಾಡಿಸಿದರೆ ಬಿಲ್ಲಿನಲ್ಲೇ 6ರಿಂದ 25 ಯುರೋ ತನಕ ಕಡಿತ ಸಿಗುತ್ತದೆ, ಆ ಹಣವನ್ನು ಬಟ್ಟೆ ಮಾರುವ ಕಂಪನಿಗಳೇ ತುಂಬಿಕೊಡುತ್ತವೆ. ಯುರೋಪಿನ ಒಕ್ಕೂಟದ ದೇಶಗಳು 2025ರ ಜನವರಿಯಿಂದ ಬಟ್ಟೆಯನ್ನು ಬೇರೆ ಕಸದೊಂದಿಗೆ ಬೆರೆಸದೆ ಸಂಗ್ರಹಿಸಬೇಕು. ಅಷ್ಟು ದೊಡ್ಡದೇನನ್ನೂ ನಾನು ಕೇಳುತ್ತಿಲ್ಲ.

ನನ್ನ ಮೊದಲ ವಿನಂತಿ ಒಂದು ಸುತ್ತೋಲೆ. ರಾಜ್ಯದ ಎಲ್ಲ ನಗರ ಸ್ಥಳೀಯ ಸಂಸ್ಥೆಗಳಿಗೂ ಹೋಗಲಿ. ಹಣ ತೆಗೆದುಕೊಳ್ಳದೆ ಬಟ್ಟೆ ರಿಪೇರಿಗೆ ಸೇರುವ ನಾಗರಿಕರಿಗೆ ಸಮುದಾಯ ಭವನವನ್ನು ತಿಂಗಳಿಗೊಂದು ಭಾನುವಾರ ಮೂರು ತಾಸು ಬಾಡಿಗೆ, ಠೇವಣಿ ಇಲ್ಲದೆ ಕೊಡತಕ್ಕದ್ದು, ಇದಕ್ಕೆ ಟ್ರೇಡ್ ಲೈಸೆನ್ಸ್ ಬೇಕಿಲ್ಲ ಎಂದು ಸ್ಪಷ್ಟವಾಗಿ ಬರೆದಿರಲಿ. ಸ್ಪಷ್ಟವಾಗಿ ಎಂದು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ‘ಸೂಕ್ತ ಕ್ರಮ ಕೈಗೊಳ್ಳುವುದು’ ಎಂದು ಮುಗಿದರೆ ಸೂಕ್ತ ಕ್ರಮ ಏನೆಂದು ನನಗೆ ಈಗಾಗಲೇ ಗೊತ್ತಿದೆ. ಜವಾಬ್ದಾರಿಗೆ ಇಬ್ಬರು ಹಿರಿಯ ನಾಗರಿಕರ ಸಹಿ ಸಾಕು. ಗುಡಿಸಿ, ಸೂಜಿ ಎಣಿಸಿ ಕೀಲಿ ವಾಪಸ್ ಕೊಡುತ್ತೇವೆ. ಸೂಜಿ ಎಣಿಸುವುದು ತಮಾಷೆಗೆ ಹೇಳಿದ್ದಲ್ಲ, ಮರುದಿನ ಅಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ.

ಎರಡನೆಯದು ಆರ್‌ಆರ್‌ಆರ್ ಕೇಂದ್ರಗಳ ವಿಷಯ. ಪ್ರತಿ ಕೇಂದ್ರದಲ್ಲಿ ಒಂದು ಮೇಜು, ಒಂದು ಮಷೀನು, ವಾರಕ್ಕೆರಡು ದಿನ ಸ್ವಸಹಾಯ ಸಂಘದ ಒಬ್ಬ ಹೆಣ್ಣುಮಗಳು. ಬಂದ ಬಟ್ಟೆಯನ್ನು ಬಂದ ದಿನವೇ ನೋಡಬೇಕು: ಹಾಗೇ ಉಡಬಹುದಾದದ್ದು ಇತ್ತ, ಹೊಲಿದರೆ ಆಗುವುದು ಅತ್ತ. ಎರಡೂ ಆಗದ ಕಾಟನ್ನನ್ನು ಗ್ಯಾರೇಜಿನವರು ಒರೆಸಲು ದುಡ್ಡು ಕೊಟ್ಟು ಒಯ್ಯುತ್ತಾರೆ. ಉಣ್ಣೆಯನ್ನು ಹರಿದು ಮತ್ತೆ ನೂಲು ಮಾಡುವ ಪಾಣಿಪತ್ತು ದೂರವಿದ್ದರೂ, ಗುಜರಿಯವರ ಕೈಗೆ ಒಣಗಿದ ಮಾಲು ಕೊಟ್ಟರೆ ದಾರಿ ಅವರೇ ಹುಡುಕುತ್ತಾರೆ. ಒಣಗಿರಬೇಕು, ಅಷ್ಟೇ. ಬಟ್ಟೆ ಒದ್ದೆಯಾದ ಕ್ಷಣದಿಂದ ಅದು ಕಸ. ಆದ್ದರಿಂದ ಮನೆಮನೆಯಿಂದ ಬಟ್ಟೆ ಎತ್ತುವುದಕ್ಕೆ ತಿಂಗಳಿಗೊಂದು ದಿನ ಬೇರೆ ಇರಲಿ. ಒಗೆದು, ಒಣಗಿಸಿ, ಗಂಟು ಕಟ್ಟಿದ್ದು ಮಾತ್ರ. ಎಷ್ಟು ಬಂತು, ಎಷ್ಟು ಜನ ಒಯ್ದರು, ಎಷ್ಟು ಗುಡ್ಡಕ್ಕೆ ಹೋಯಿತು ಎಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ. ಆ್ಯಪ್ ಬೇಡ.

ಆ ಹೆಣ್ಣುಮಗಳಿಗೆ ದಿನಗೂಲಿ ಕೊಡಬೇಕು. ಇದನ್ನು ಬೇರೆಯಾಗಿಯೇ ಬರೆಯುತ್ತೇನೆ. ಸೇವೆ ಎಂಬ ಮಾತು ಬಂದಾಗಲೆಲ್ಲ ಹೊಲಿಗೆ ಬಲ್ಲ ಹೆಂಗಸರನ್ನು ಪುಕ್ಕಟೆ ಕೂರಿಸುವ ಅಭ್ಯಾಸ ನಮ್ಮಲ್ಲಿದೆ. ನಾನು ಪಿಂಚಣಿ ಬರುವವಳು, ನನಗೆ ಬೇಡ. ನಮ್ಮ ಸಂತೆಗೆ ಪೆಡಲ್ ಮಷೀನು ತರುತ್ತಿದ್ದ ಟೇಲರ್ ತಮ್ಮ ಭಾನುವಾರದ ದುಡಿಮೆ ಬಿಟ್ಟು ಬರುತ್ತಿದ್ದರು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದ್ದಾನೆ, ಸಲಕರಣೆಗೆ 15,000 ರೂಪಾಯಿ ತನಕ ಸಿಗುತ್ತದೆ. ರಾಜ್ಯದ ಇಲಾಖೆಗಳೂ ಹೊಲಿಗೆ ಯಂತ್ರ ಹಂಚುತ್ತ ಬಂದಿವೆ. ನಮ್ಮ ಓಣಿಯಲ್ಲೇ ಹೀಗೆ ಬಂದ ಎರಡು ಯಂತ್ರಗಳ ಮೇಲೆ ಟಿವಿ ಕೂತಿದೆ. ಯಂತ್ರ ಕೊಟ್ಟ ಸರ್ಕಾರವೇ ಕೆಲಸವನ್ನೂ ಕೊಡಲು ಇದೊಂದು ದಾರಿ.

ಉದ್ಘಾಟನೆ, ಫ್ಲೆಕ್ಸು ನಮಗೆ ಬೇಡ. ಫ್ಲೆಕ್ಸಿನಿಂದ ಏನಾದರೂ ಹೊಲಿಯಬಹುದೇ ಎಂದು ಅದನ್ನೂ ನೋಡಿದ್ದೇವೆ, ಮಳೆಗಾಲದಲ್ಲಿ ಮಷೀನಿಗೆ ಹೊದಿಸಲು ಆಗುತ್ತದೆ ಅಷ್ಟೇ.

ನನ್ನ ಅರ್ಜಿಗಳ ಪ್ರತಿ, ಸ್ವೀಕೃತಿಯ ಮುದ್ರೆಗಳು, ಕಸದ ಗಾಡಿ ಬಂದ ಬೆಳಿಗ್ಗೆ ತೆಗೆದ ಎರಡು ಫೋಟೊ, ನೋಟುಬುಕ್ಕಿನ ಹಾಳೆಗಳು ಎಲ್ಲವನ್ನೂ ಒಂದು ಲಕೋಟೆಯಲ್ಲಿಟ್ಟು ತಮ್ಮ ಕಚೇರಿಗೆ ಅಂಚೆಯಲ್ಲಿ ಬೇರೆಯಾಗಿ ಕಳಿಸಿದ್ದೇನೆ. ತಮ್ಮ ಉತ್ತರ ಬರುವ ತನಕ ಎರಡನೇ ಭಾನುವಾರ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂರುತ್ತೇವೆ. ಪೂಜಾರಿಯವರು ಲೈಸೆನ್ಸ್ ಕೇಳಲಿಲ್ಲ, ಅಭಿಷೇಕದ ಹೊತ್ತಿಗೆ ಸ್ವಲ್ಪ ಸರಿದು ಕೂರಬೇಕು ಎಂದಷ್ಟೇ ಹೇಳಿದ್ದಾರೆ. ಅಲ್ಲಿ ಪೆಡಲ್ ಮಷೀನು ಏರಿಸಲಾಗುವುದಿಲ್ಲ, ನನ್ನ ಕೈಮಷೀನು ಒಂದೇ. ಮಳೆ ಬಂದರೆ ಆ ತಿಂಗಳು ಸಂತೆ ಇಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹೊಲಿಗೆ ಶಿಕ್ಷಕಿ,
‘ತೇಪೆ ಸಂತೆ’ಯ ಓಣಿಯವರ ಪರವಾಗಿ